ಪ್ರಯತ್ನದ ನುಡಿಗಟ್ಟುಗಳು ಮತ್ತು ನಮ್ಮ ದುಡಿಮೆಯ ಮಾತು

ಮಾನ್ಯ ಸಂಪಾದಕರಿಗೆ ನಮಸ್ಕಾರಗಳು.

ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ 2024ರಲ್ಲಿ ನಮ್ಮ ಯಾದಗಿರಿ ಜಿಲ್ಲೆಯೂ 2025ರಲ್ಲಿ ನೆರೆಯ ಕಲಬುರಗಿ ಜಿಲ್ಲೆಯೂ ಕಟ್ಟಕಡೆಯ ಸ್ಥಾನಕ್ಕೆ ಇಳಿದ ಮೇಲೆ, ಫಲಿತಾಂಶ ಸುಧಾರಣೆಯ ಸಭೆಗಳ, ಕಾರ್ಯಾಗಾರಗಳ, ಭರವಸೆಗಳ ಸುದ್ದಿ ಈ ಭಾಗದ ಪತ್ರಿಕೆಗಳಲ್ಲಿ ಬರುತ್ತಲೇ ಇದೆ. ನಿವೃತ್ತ ಶಿಕ್ಷಕನಾದ ನಾನು ಅವುಗಳಲ್ಲಿ ಒಂದನ್ನೂ ಬಿಡದೆ ಓದುತ್ತೇನೆ. ಹಾಗೆ ಓದುವಾಗ ಮೂರು ವಾಕ್ಯಗಳು ಬೇರೆ ಬೇರೆ ಪತ್ರಿಕೆಗಳಲ್ಲಿ, ಬೇರೆ ಬೇರೆಯವರ ಹೇಳಿಕೆಗಳಲ್ಲಿ ಪದೇ ಪದೇ ಕಣ್ಣಿಗೆ ಬಿದ್ದಿವೆ. ‘ಮಕ್ಕಳ ಏಳಿಗೆಗಾಗಿ ಯಾವ ಕಲ್ಲನ್ನೂ ಮಗುಚದೆ ಬಿಡುವುದಿಲ್ಲ’ ಎಂಬುದು ಮೊದಲನೆಯದು. ‘ಶಿಕ್ಷಕರು ಹೆಚ್ಚುವರಿ ಮೈಲಿ ನಡೆಯಬೇಕು’ ಎಂಬುದು ಎರಡನೆಯದು. ಇತ್ತೀಚೆಗೆ ಒಂದು ಪ್ರಕಟಣೆಯಲ್ಲಿ ಓದಿದ ಮೂರನೆಯದಂತೂ ನನ್ನನ್ನು ಈ ಪತ್ರ ಬರೆಯಲು ಕೂರಿಸಿತು: ‘ಎಲ್ಲ ನಿಲುಗಡೆಗಳನ್ನೂ ಹೊರಗೆಳೆದು ಶ್ರಮಿಸಬೇಕು.’

ಕನ್ನಡ ಮಾತ್ರ ಬಲ್ಲ ಓದುಗರಿಗೆ, ಉದಾಹರಣೆಗೆ ನಮ್ಮ ಊರಿನ ಹೋಟೆಲಿನಲ್ಲಿ ಕುಳಿತು ಪತ್ರಿಕೆ ಓದುವ ಒಬ್ಬ ತಂದೆಗೆ, ಈ ಮೂರನೆಯ ವಾಕ್ಯದಿಂದ ಏನು ತಿಳಿದೀತು? ತನ್ನ ಮಗಳ ಶಾಲೆಯಲ್ಲಿ ನಾಳೆಯಿಂದ ಏನು ನಡೆಯಲಿದೆ ಎಂದು ಆತ ತಿಳಿದುಕೊಳ್ಳಬೇಕು? ಇಂಗ್ಲಿಷಿನಲ್ಲಿ ಸಿದ್ಧವಾದ ಹೇಳಿಕೆಯನ್ನು ಮೊಬೈಲ್ ಫೋನಿನಲ್ಲಿಯೇ ಕನ್ನಡಕ್ಕೆ ತಿರುಗಿಸಿಕೊಳ್ಳುವ ಅನುಕೂಲ ಬಂದ ಮೇಲೆ ಇಂಥ ವಾಕ್ಯಗಳು ಹೆಚ್ಚುತ್ತಿವೆ ಎಂದು ನನ್ನ ಭಾವನೆ. ಇದನ್ನು ಒಂದು ಪತ್ರಿಕೆಯ ಮೇಲಿನ ದೂರೆಂದು ತಾವು ಭಾವಿಸಬಾರದು. ಯಾದಗಿರಿ ಮತ್ತು ಕಲಬುರಗಿ ಜಿಲ್ಲೆಗಳ ಸರ್ಕಾರಿ ಪ್ರೌಢಶಾಲೆಗಳಲ್ಲಿ 34 ವರ್ಷ ಇಂಗ್ಲಿಷ್ ಕಲಿಸಿದ ನಾನೂ ಈ ನುಡಿಗಟ್ಟುಗಳ ವಿಷಯದಲ್ಲಿ ಒಂದು ತಪ್ಪು ಮಾಡಿದ್ದೇನೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಆ ಕಲ್ಲಿನ ಮಾತು. ಇಂಗ್ಲಿಷಿನ ‘ಲೀವ್ ನೋ ಸ್ಟೋನ್ ಅನ್‌ಟರ್ನ್ಡ್’ ಎಂಬುದು ಇಂಗ್ಲಿಷಿನಲ್ಲಿ ಹುಟ್ಟಿದ್ದಲ್ಲ, ಗ್ರೀಕರಿಂದ ಬಂದದ್ದು. ಕ್ರಿ.ಪೂ. 5ನೆಯ ಶತಮಾನದ ಗ್ರೀಕ್ ನಾಟಕದಲ್ಲಿಯೇ ‘ಪ್ರತಿ ಕಲ್ಲನ್ನೂ ಕದಲಿಸು’ ಎಂಬ ಮಾತು ಬಳಕೆಯಾಗಿದೆ. ಅದರ ಹಿಂದೆ ಒಂದು ಕಥೆಯನ್ನು ಹೇಳುತ್ತಾರೆ. ಕ್ರಿ.ಪೂ. 479ರಲ್ಲಿ ಪ್ಲಟೀಯಾ ಎಂಬಲ್ಲಿ ಗ್ರೀಕರಿಗೂ ಪರ್ಷಿಯನ್ನರಿಗೂ ಯುದ್ಧವಾಗಿ ಪರ್ಷಿಯದ ದಂಡನಾಯಕ ಮಾರ್ಡೋನಿಯಸ್ ಸತ್ತ. ಅವನ ಡೇರೆಯಿದ್ದ ಜಾಗದಲ್ಲಿ ನಿಧಿ ಹೂತಿದೆ ಎಂಬ ಸುದ್ದಿ ಕೇಳಿ ಥೀಬ್ಸ್ ನಗರದ ಪಾಲಿಕ್ರಟೀಸ್ ಎಂಬಾತ ಆ ನೆಲವನ್ನು ಕೊಂಡು ಅಗೆಸಿದ. ಎಷ್ಟು ಅಗೆದರೂ ಏನೂ ಸಿಗಲಿಲ್ಲ. ಡೆಲ್ಫಿಯ ದೇವಾಲಯಕ್ಕೆ ಹೋಗಿ ಕೇಳಿದಾಗ ‘ಪ್ರತಿ ಕಲ್ಲನ್ನೂ ಕದಲಿಸು’ ಎಂಬ ಉತ್ತರ ಬಂತು. ಅದರಂತೆ ಮಾಡಿ ನಿಧಿ ಪಡೆದ ಎಂಬುದು ಕಥೆ. ಕಥೆಯ ಸತ್ಯಾಸತ್ಯ ಏನೇ ಇರಲಿ, ಅದರ ಅರ್ಥದಲ್ಲಿ ಗೊಂದಲವಿಲ್ಲ. ಅದು ಹುಡುಕುವವನ ಪ್ರಯತ್ನವನ್ನು ಹೇಳುವ ಮಾತು. ಹುಡುಕಬೇಕಾದ ವಸ್ತು ಒಂದಿದೆ, ಅದು ಎಲ್ಲಿಯೋ ಅಡಗಿದೆ, ಆದ್ದರಿಂದ ಒಂದು ಜಾಗವನ್ನೂ ಬಿಡುವಂತಿಲ್ಲ. ಕನ್ನಡದಲ್ಲಿ ಇದಕ್ಕೆ ‘ಮೂಲೆಮೂಲೆಯನ್ನೂ ಜಾಲಾಡುವುದು’, ‘ಸಂದುಗೊಂದು ಬಿಡದೆ ಹುಡುಕುವುದು’ ಎಂಬ ಮಾತುಗಳಿವೆ. ಪೊಲೀಸರು ಕಳ್ಳನನ್ನು ಹುಡುಕುವಾಗ ಅವು ಒಪ್ಪುತ್ತವೆ. ಮಕ್ಕಳಿಗೆ ಓದು ಕಲಿಸುವ ಕೆಲಸಕ್ಕೆ ಇಂಗ್ಲಿಷಿನ ಕಲ್ಲೂ ಒಪ್ಪುವುದಿಲ್ಲ, ಕನ್ನಡದ ಜಾಲವೂ ಒಪ್ಪುವುದಿಲ್ಲ.

ಈಗ ನನ್ನ ತಪ್ಪಿನ ವಿಷಯ. ಬಹಳ ವರ್ಷಗಳ ಹಿಂದೆ, ಒಂಬತ್ತನೆಯ ತರಗತಿಯ ಕಿರುಪರೀಕ್ಷೆಯಲ್ಲಿ, ಇದೇ ನುಡಿಗಟ್ಟನ್ನು ಸ್ವಂತ ವಾಕ್ಯದಲ್ಲಿ ಬಳಸಲು ಕೇಳಿದ್ದೆ. ಯಾದಗಿರಿ ಜಿಲ್ಲೆಯ ಕಂದಕೂರಿನ ಬೆಟ್ಟದ ವಿಷಯ ಓದುಗರಿಗೆ ತಿಳಿದಿರಬಹುದು. ನಾಗರ ಪಂಚಮಿಯ ದಿನ ಅಲ್ಲಿ ಹಿರಿಯರು, ಮಕ್ಕಳು ಎನ್ನದೆ ಜನ ಬೆಟ್ಟವೇರಿ, ಕಲ್ಲುಗಳನ್ನು ಎತ್ತಿ ನೋಡಿ, ಚೇಳುಗಳನ್ನು ಹಿಡಿದು ಅಂಗೈಯ ಮೇಲೆ, ಮೈಯ ಮೇಲೆ ಬಿಟ್ಟುಕೊಳ್ಳುತ್ತಾರೆ. ಆ ಭಾಗದಿಂದ ಬರುತ್ತಿದ್ದ ಒಬ್ಬ ಹುಡುಗ ತನ್ನ ಅರೆಬರೆ ಇಂಗ್ಲಿಷಿನಲ್ಲಿ, ‘ಪಂಚಮಿಯ ದಿನ ನಮ್ಮ ಬೆಟ್ಟದಲ್ಲಿ ನಾವು ಒಂದು ಕಲ್ಲನ್ನೂ ಮಗುಚದೆ ಬಿಡುವುದಿಲ್ಲ’ ಎಂಬರ್ಥದ ವಾಕ್ಯ ಬರೆದಿದ್ದ. ನುಡಿಗಟ್ಟನ್ನು ಅಕ್ಷರಶಃ ಅರ್ಥದಲ್ಲಿ ಬಳಸಿದ್ದಾನೆ ಎಂದು ನಾನು ಅದರ ಮೇಲೆ ಕೆಂಪು ಗೀಟು ಎಳೆದೆ. ಆತ ನನ್ನ ಮೇಜಿನ ಬಳಿಗೆ ಬಂದು, “ಖರೇನೇ ಒಂದ್ ಕಲ್ಲೂ ಬಿಡಂಗಿಲ್ರೀ ಸರ್, ಚೇಳ ಸಿಗೂತನಕ” ಎಂದ. ನುಡಿಗಟ್ಟೆಂದರೆ ಏನೆಂದು ನಾನು ಅವನಿಗೆ ವ್ಯಾಕರಣದ ಪಾಠ ಮಾಡಿ ಕಳುಹಿಸಿದೆ.

ಹಲವು ವರ್ಷಗಳ ಮೇಲೆ ಗ್ರೀಕ್ ಮತ್ತು ಲ್ಯಾಟಿನ್ ಗಾದೆಗಳನ್ನು ಸಂಗ್ರಹಿಸಿ ವಿವರಿಸಿದ ಡಚ್ ವಿದ್ವಾಂಸ ಎರಾಸ್ಮಸ್ ಈ ಮಾತಿಗೆ ಕೊಟ್ಟ ಟಿಪ್ಪಣಿಯ ವಿಷಯ ಓದಿದೆ. ಆತ ನಿಧಿಯ ಕಥೆಯನ್ನು ಹೇಳಿ, ಇನ್ನೊಂದು ವಿವರಣೆಯನ್ನೂ ಕೊಡುತ್ತಾರೆ: ಕಡಲ ದಂಡೆಯಲ್ಲಿ ಏಡಿ ಹಿಡಿಯುವವರು ಕಲ್ಲುಗಳ ಅಡಿಯಲ್ಲಿ ಹುಡುಕುವುದರಿಂದ ಈ ಮಾತು ಬಂದಿರಬಹುದೆಂದು ಕೆಲವರು ಹೇಳುತ್ತಾರೆ ಎಂಬುದು ಆ ವಿವರಣೆ. ಅದನ್ನು ಓದಿದಾಗ ನನಗೆ ಆ ಹುಡುಗನ ಮುಖ ನೆನಪಾಯಿತು. ಏಡಿಯ ಜಾಗದಲ್ಲಿ ಚೇಳು, ಕಡಲ ದಂಡೆಯ ಜಾಗದಲ್ಲಿ ಬೆಟ್ಟ. ಎರಡೂವರೆ ಸಾವಿರ ವರ್ಷಗಳಷ್ಟು ಹಳೆಯ ಒಂದು ಮಾತಿನ ಬೇರಿನ ಹತ್ತಿರಕ್ಕೆ ಆ ಹುಡುಗ ಯಾರ ಸಹಾಯವೂ ಇಲ್ಲದೆ ಹೋಗಿದ್ದ. ಗೈಡಿನಲ್ಲಿ ಅಚ್ಚಾದ ‘ಶತಪ್ರಯತ್ನ ಮಾಡು’ ಎಂಬ ಅರ್ಥವನ್ನು ಬಾಯಿಪಾಠ ಮಾಡಿ ಬರೆದ ಉಳಿದವರೆಲ್ಲರಿಗೂ ನಾನು ಪೂರ್ಣ ಅಂಕ ಕೊಟ್ಟಿದ್ದೆ. ಆ ಒಂದು ಗೀಟಿಗಾಗಿ ನಾನು ಇಂದಿಗೂ ಪಶ್ಚಾತ್ತಾಪ ಪಡುತ್ತೇನೆ. ಆತ ಆ ವರ್ಷ ಇಂಗ್ಲಿಷಿನಲ್ಲಿ ತೇರ್ಗಡೆಯಾದ, ಆದರೆ ಮತ್ತೊಮ್ಮೆ ಮೇಜಿನ ಬಳಿಗೆ ಬಂದು ನನ್ನೊಂದಿಗೆ ವಾದಿಸಲಿಲ್ಲ.

ಅಂದಿನಿಂದ ನಾನು ನುಡಿಗಟ್ಟುಗಳನ್ನು ಕಲಿಸುವ ಕ್ರಮವನ್ನು ಬದಲಿಸಿದೆ. ಅರ್ಥಕ್ಕೆ ಮೊದಲು ಆ ಮಾತಿನೊಳಗಿನ ಕೆಲಸ ಯಾವುದು, ಅದನ್ನು ಮಾಡಿದ ಕೈ ಯಾರದು ಎಂದು ಕೇಳತೊಡಗಿದೆ. ‘ಪುಲ್ ಔಟ್ ಆಲ್ ದ ಸ್ಟಾಪ್ಸ್’ ಎಂಬುದನ್ನು ತೆಗೆದುಕೊಳ್ಳಿ. ಸ್ಟಾಪ್ ಎಂದೊಡನೆ ನಮ್ಮ ಮಕ್ಕಳಿಗೆ ಬಸ್ ನಿಲ್ದಾಣ ನೆನಪಾಗುತ್ತದೆ. ‘ನಿಲುಗಡೆಗಳನ್ನು ಎಳೆದು’ ಎಂದು ಬರೆದ ಅನುವಾದಕರೂ ಅಲ್ಲಿಯೇ ಎಡವಿದ್ದಾರೆ. ಅದು ಚರ್ಚುಗಳಲ್ಲಿರುವ ದೊಡ್ಡ ಆರ್ಗನ್ ವಾದ್ಯದ ಮಾತು. ಆ ವಾದ್ಯದಲ್ಲಿ ಕೊಳವೆಗಳ ಸಾಲುಗಳಿರುತ್ತವೆ, ಪ್ರತಿ ಸಾಲಿಗೂ ಸ್ಟಾಪ್ ಎಂಬ ಒಂದು ಹಿಡಿ. ಹಿಡಿ ಒಳಗಿದ್ದರೆ ಆ ಸಾಲಿಗೆ ಗಾಳಿ ಹೋಗುವುದಿಲ್ಲ, ಹೊರಗೆಳೆದರೆ ಹೋಗುತ್ತದೆ. ಎಲ್ಲ ಹಿಡಿಗಳನ್ನೂ ಎಳೆದಾಗ ವಾದ್ಯ ತನ್ನಲ್ಲಿರುವ ಅಷ್ಟೂ ದನಿಯನ್ನು ಒಮ್ಮೆಗೇ ಹೊರಡಿಸುತ್ತದೆ. 19ನೆಯ ಶತಮಾನದಲ್ಲಿ ಇದು ವಾದ್ಯದಿಂದ ಬಿಡಿಸಿಕೊಂಡು, ಇರುವ ಬಲವನ್ನೆಲ್ಲ ಹಾಕುವುದು ಎಂಬರ್ಥದ ಸಾಮಾನ್ಯ ಮಾತಾಯಿತು.

ಅಂಥ ಆರ್ಗನ್ ನಮ್ಮ ಮಕ್ಕಳು ನೋಡಿದ್ದಲ್ಲ. ಆದರೆ ಪೇಟಿಯನ್ನು ನೋಡದ ಮಕ್ಕಳು ಕಲಬುರಗಿ, ಬೀದರ್, ಯಾದಗಿರಿ ಈ ಮೂರು ಜಿಲ್ಲೆಗಳಲ್ಲಿ ಸಿಗಲಾರರು. ಹಾರ್ಮೋನಿಯಮ್ಮಿಗೆ ನಾವು ಪೇಟಿ ಎನ್ನುತ್ತೇವೆ. ಅದರ ಮುಂಭಾಗದ ಹಲಗೆಯಲ್ಲಿಯೂ ಹೊರಕ್ಕೆ ಎಳೆಯುವ ಗುಂಡಿಗಳಿವೆ, ಕೆಲಸವೂ ಅದೇ: ಒಳಗಿನ ಸ್ವರಪಟ್ಟಿಗಳಿಗೆ ಗಾಳಿಯ ದಾರಿ ತೆರೆಯುವುದು, ಮುಚ್ಚುವುದು. ನಾನು ಊರಿನ ಭಜನಾ ಮಂಡಳಿಯ ಪೇಟಿಯನ್ನು ಒಮ್ಮೆ ತರಗತಿಗೆ ತರಿಸಿ, ಒಂದು ಗುಂಡಿ ಎಳೆದು, ಆಮೇಲೆ ಎಲ್ಲವನ್ನೂ ಎಳೆದು ನುಡಿಸಿ ತೋರಿಸಿದೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ಎಲ್ಲ ಗುಂಡಿ ಎಳೆದಾಗ ನೀವು ಗಾಳಿ ಜೋರಾಗಿ ಹಾಕಬೇಕಾಯಿತು ಸರ್ ಎಂದಳು. ಆ ಮಾತು ಬಹಳ ದೊಡ್ಡದು. ಹಳೆಯ ಚರ್ಚುಗಳಲ್ಲಿ ಆರ್ಗನ್ನಿನ ಹಿಂದೆ ನಿಂತು ತಿದಿ ಒತ್ತುವ ಆಳುಗಳಿರುತ್ತಿದ್ದರು. ಹಿಡಿ ಎಳೆದಾತನ ಹೆಸರಿನಲ್ಲಿ ನುಡಿಗಟ್ಟು ಉಳಿಯಿತು, ಗಾಳಿ ಒತ್ತಿದವನ ಹೆಸರಿನಲ್ಲಿ ಉಳಿಯಲಿಲ್ಲ. ಫಲಿತಾಂಶ ಸುಧಾರಿಸಲು ಎಲ್ಲ ಹಿಡಿಗಳನ್ನೂ ಎಳೆಯುತ್ತೇವೆ ಎನ್ನುವವರು ಗಾಳಿ ಯಾರು ಒತ್ತಬೇಕು ಎಂಬುದನ್ನೂ ಹೇಳಬೇಕು. ಶಿಕ್ಷಕರ ಹುದ್ದೆಗಳು ಖಾಲಿ ಇರುವ ಶಾಲೆಯಲ್ಲಿ ಆ ಪ್ರಶ್ನೆಗೆ ಉತ್ತರ ಬೇಕು.

ಮೈಲಿಯ ಮಾತು ಇನ್ನೂ ಆಳವಾದದ್ದು, ಅದನ್ನು ಅರ್ಥ ತಿಳಿಯದೆ ಬಳಸುತ್ತಿರುವುದು ನನಗೆ ಹೆಚ್ಚು ನೋವಿನ ಸಂಗತಿ. ‘ಗೋ ದಿ ಎಕ್ಸ್‌ಟ್ರಾ ಮೈಲ್’ ಎಂಬುದರ ಮೂಲ ಬೈಬಲ್ಲಿನ ಮತ್ತಾಯನ ಸುವಾರ್ತೆಯ 5ನೆಯ ಅಧ್ಯಾಯದ 41ನೆಯ ವಚನ. ರೋಮನ್ನರ ಆಳ್ವಿಕೆಯಲ್ಲಿ ಸೈನಿಕರು ದಾರಿಯಲ್ಲಿ ಸಿಕ್ಕ ಸಾಮಾನ್ಯನನ್ನು ಹಿಡಿದು ತಮ್ಮ ಹೊರೆ ಹೊರಿಸಬಹುದಾಗಿತ್ತು. ಒಂದು ಮೈಲಿ ಬಾ ಎಂದು ಬಲವಂತ ಮಾಡಿದವನ ಜೊತೆಗೆ ಎರಡು ಮೈಲಿ ಹೋಗು ಎಂದು ಯೇಸು ಹೇಳುತ್ತಾರೆ. ಮೊದಲನೆಯ ಮೈಲಿ ಬಲವಂತದ್ದು, ಎರಡನೆಯದು ನಡೆಯುವವನ ಸ್ವಂತ ಇಚ್ಛೆಯದು. ಆ ಎರಡನೆಯ ಮೈಲಿಯಲ್ಲಿ ಹೊರೆ ಹೊತ್ತವನು ಆಳಾಗಿ ಉಳಿಯದೆ ಕೊಡುವವನಾಗುತ್ತಾನೆ.

ನಮ್ಮ ಭಾಗದಲ್ಲಿ ಆ ಮೊದಲನೆಯ ಮೈಲಿಗೆ ಬಿಟ್ಟಿ ಎಂದು ಹೆಸರು. 1948ರ ಸೆಪ್ಟೆಂಬರಿನವರೆಗೆ ಈ ಪ್ರದೇಶ ನಿಜಾಮರ ಆಳ್ವಿಕೆಯ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಬಿಟ್ಟಿ ಚಾಕರಿ, ಬೇಗಾರಿ ಎಂಬ ಪದಗಳು ನನ್ನ ಬಾಲ್ಯದಲ್ಲಿ ಮುದುಕರ ಬಾಯಲ್ಲಿ ಬೈಗುಳದಷ್ಟು ಕಹಿಯಾಗಿದ್ದವು. ಊರಿಗೆ ಬಂದ ಅಧಿಕಾರಿಯ ಗಂಟುಮೂಟೆಯನ್ನು ಮುಂದಿನ ಊರಿನ ಸೀಮೆಯವರೆಗೆ ತಲೆಯ ಮೇಲೆ ಹೊತ್ತು, ಕೂಲಿಯಿಲ್ಲದೆ, ಉಪವಾಸ ಹಿಂತಿರುಗಿದ ಸಂಗತಿಯನ್ನು ನನ್ನ ಅಜ್ಜ ಹೇಳುತ್ತಿದ್ದರು. ಇಂದು ಬಿಟ್ಟಿ ಎಂದರೆ ಪುಕ್ಕಟೆ ಎಂಬಷ್ಟೇ ಅರ್ಥ ಉಳಿದಿದೆ, ಅದರೊಳಗಿನ ಬೆವರು ಆರಿಹೋಗಿದೆ. ಇಂಥ ನೆನಪಿರುವ ನೆಲದಲ್ಲಿ ಮೇಲಿನವರು ಕೆಳಗಿನವರಿಗೆ ‘ಹೆಚ್ಚುವರಿ ಮೈಲಿ ನಡೆಯಿರಿ’ ಎಂದು ಆದೇಶಿಸಿದರೆ ಆ ಮಾತಿನ ಅರ್ಥವೇ ತಲೆಕೆಳಗಾಗುತ್ತದೆ. ಆದೇಶಿಸಿದ ಮೈಲಿ ಯಾವಾಗಲೂ ಮೊದಲನೆಯ ಮೈಲಿಯೇ ಆಗಿರುತ್ತದೆ. ಸಂಜೆಯ ಹೊತ್ತು ತಾನಾಗಿ ಶಾಲೆಯಲ್ಲಿ ಉಳಿದು, ಹಿಂದುಳಿದ ನಾಲ್ಕು ಮಕ್ಕಳಿಗೆ ಓದಲು ಕಲಿಸುವ ಶಿಕ್ಷಕಿಯ ಬಗ್ಗೆ ಬರೆಯುವಾಗ ವರದಿಗಾರರು ‘ತಮ್ಮ ಪಾಲಿನ ಕೆಲಸ ಮುಗಿದ ಮೇಲೂ’ ಎಂದು ನೇರವಾಗಿ ಬರೆದರೆ ಸಾಕು. ಅದರಲ್ಲಿ ಎರಡನೆಯ ಮೈಲಿ ತಾನಾಗಿಯೇ ಇದೆ.

ಉಳಿದ ಕೆಲವನ್ನು ಬೇಗ ಹೇಳಿ ಮುಗಿಸುತ್ತೇನೆ. ‘ಬರ್ನ್ ದ ಮಿಡ್‌ನೈಟ್ ಆಯಿಲ್’ ಎಂಬುದು ರಾತ್ರಿ ದೀಪದ ಎಣ್ಣೆ ಉರಿಸಿ ಓದುವುದು. ಪ್ರಾಚೀನ ಗ್ರೀಸಿನ ವಾಗ್ಮಿ ಡೆಮೊಸ್ತನೀಸನ ಭಾಷಣಗಳಲ್ಲಿ ದೀಪದ ವಾಸನೆ ಬರುತ್ತದೆ ಎಂದು ಅವನ ವಿರೋಧಿಯೊಬ್ಬ ಆಗಲೇ ಹೇಳಿದ್ದ. ಚಿಮಣಿ ಬೆಳಕಿನಲ್ಲಿ ಓದಿದ ನಮ್ಮ ತಲೆಮಾರಿಗೆ ಇದು ವಿವರಿಸದೆ ತಿಳಿಯುತ್ತದೆ, ಏಕೆಂದರೆ ಆ ಮಾತಿನ ತೂಕವಿರುವುದು ಎಣ್ಣೆಯಲ್ಲಿ. ರೇಷನ್ನಿನ ಚಿಮಣಿ ಎಣ್ಣೆ ತಿಂಗಳ ಕೊನೆಗೆ ತೀರುತ್ತಿತ್ತು, ನಾನು ಹೆಚ್ಚು ಓದಿದರೆ ಅಡುಗೆಮನೆಯಲ್ಲಿ ಅವ್ವ ಕತ್ತಲೆಯಲ್ಲಿ ರೊಟ್ಟಿ ತಟ್ಟಬೇಕಾಗುತ್ತಿತ್ತು. ‘ನೋಸ್ ಟು ದ ಗ್ರೈಂಡ್‌ಸ್ಟೋನ್’ ಎಂಬುದನ್ನು ‘ಮೂಗನ್ನು ಸಾಣೆಕಲ್ಲಿಗೆ ಹಿಡಿದು’ ಎಂದು ಬರೆಯುವುದು ಸಲ್ಲದು. 16ನೆಯ ಶತಮಾನದಲ್ಲಿ ಅದಕ್ಕೆ ಇನ್ನೊಬ್ಬನನ್ನು ಹಿಂಸಿಸಿ ದುಡಿಸುವುದು ಎಂಬ ಅರ್ಥವಿತ್ತು, ತಾನೇ ಬಿಡುವಿಲ್ಲದೆ ದುಡಿಯುವುದು ಎಂಬುದು ಆಮೇಲಿನ ಅರ್ಥ. ಕನ್ನಡದಲ್ಲಿ ಸಾಣೆ ಹಿಡಿಯುವುದು ಎಂದರೆ ಬುದ್ಧಿಯನ್ನು ಹರಿತ ಮಾಡುವುದು, ಮೂಗಿಗೆ ತುಪ್ಪ ಸವರುವುದು ಎಂದರೆ ಆಸೆ ತೋರಿಸಿ ಮೋಸ ಮಾಡುವುದು. ಹೀಗೆ ಸಾಣೆಗೂ ಮೂಗಿಗೂ ಕನ್ನಡದಲ್ಲಿ ಅವುಗಳದೇ ನಡೆ ಇದೆ. ‘ಬೆಂಡ್ ಓವರ್ ಬ್ಯಾಕ್‌ವರ್ಡ್ಸ್’ ಕೂಡ ಹಾಗೆಯೇ. ಇನ್ನೊಬ್ಬರನ್ನು ಮೆಚ್ಚಿಸಲು ಪಡುವ ಅತಿಯಾದ ಕಷ್ಟವನ್ನು ಇಂಗ್ಲಿಷಿನವರು ಹಿಂದಕ್ಕೆ ಬಾಗಿ ಸೂಚಿಸುತ್ತಾರೆ, ನಮ್ಮಲ್ಲಿ ಬಾಗುವುದು ಎಂದರೆ ಮುಂದಕ್ಕೆ, ಮತ್ತು ಅದರ ಭಾವ ವಿನಯದ್ದು ಅಥವಾ ಶರಣಾಗತಿಯದು. ಕೋಚಿಂಗ್ ಕೇಂದ್ರಗಳ ಫಲಕಗಳಲ್ಲಿ ಕಾಣುವ ‘ನೂರಾ ಹತ್ತು ಪ್ರತಿಶತ ಪ್ರಯತ್ನ’ದ ಬಗ್ಗೆ ಹೇಳುವುದು ಇಷ್ಟೇ: ತೇರ್ಗಡೆಯಾಗುವಷ್ಟು ಅಂಕಕ್ಕಾಗಿ ಕಣ್ಣೀರು ಹಾಕುವ ಮಕ್ಕಳ ಎದುರಿಗೆ ಆ ಲೆಕ್ಕವನ್ನು ಬರೆಯಬಾರದು.

ಪದಕ್ಕೆ ಪದವಿಟ್ಟು ತಂದ ಮಾತುಗಳೆಲ್ಲವೂ ಸತ್ತವು ಎಂದು ನಾನು ಹೇಳುತ್ತಿಲ್ಲ. ‘ಪುಟ್ ಯುವರ್ ಶೋಲ್ಡರ್ ಟು ದ ವೀಲ್’ ಎಂಬುದನ್ನು ಕನ್ನಡಕ್ಕೆ ನೇರವಾಗಿ ತನ್ನಿ, ನಮ್ಮ ಜನರಿಗೆ ಒಂದು ಅಕ್ಷರವೂ ಅಪರಿಚಿತವೆನಿಸುವುದಿಲ್ಲ. ಈಸೋಪನ ಹೆಸರಿನ ಕಥೆಯಲ್ಲಿ ಕೆಸರಿನಲ್ಲಿ ಬಂಡಿ ಸಿಕ್ಕಿಕೊಂಡವನು ಹರ್ಕ್ಯುಲಿಸ್ ದೇವರನ್ನು ಕರೆಯುತ್ತಾನೆ, ಮೊದಲು ಗಾಲಿಗೆ ಹೆಗಲು ಕೊಡು, ಎತ್ತುಗಳನ್ನು ಹೊಡೆ ಎಂದು ದೇವರು ಹೇಳುತ್ತಾನೆ. ನಮ್ಮ ಎರೆಭೂಮಿಯಲ್ಲಿ ಮಳೆಗಾಲದಲ್ಲಿ ಬಂಡಿ ಸಿಕ್ಕಿಕೊಂಡರೆ ಏನಾಗುತ್ತದೆ ಎಂಬುದು ಇಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. ಮಣ್ಣು ಗಾಲಿಗೆ ಸುತ್ತಿ ಗಾಲಿಯೇ ಕಾಣದಂತಾಗುತ್ತದೆ. ಆಗ ದಾರಿಯಲ್ಲಿ ಹೋಗುವವರೂ ಚಪ್ಪಲಿ ಬಿಟ್ಟು ಇಳಿದು ಗಾಲಿಗೆ ಕೈಹಚ್ಚುತ್ತಾರೆ. ಕೆಲಸ ಎರಡೂ ಕಡೆ ಒಂದೇ ಇದ್ದಾಗ ಮಾತು ದಾಟಿ ಬರುತ್ತದೆ. ‘ಮೂವ್ ಹೆವನ್ ಆ್ಯಂಡ್ ಅರ್ತ್’ ಎಂಬುದಕ್ಕಂತೂ ಅನುವಾದವೇ ಬೇಡ, ‘ಭೂಮಿ ಆಕಾಶ ಒಂದು ಮಾಡುವುದು’ ಎಂಬ ಮಾತು ನಮ್ಮಲ್ಲಿದೆ, ಕಲಬುರಗಿಯ ಮಾರ್ಕೆಟ್ಟಿನಲ್ಲಿ ಉರ್ದು ಆಡುವವರ ಬಾಯಲ್ಲಿ ಅದೇ ‘ಜಮೀನ್ ಆಸ್ಮಾನ್ ಏಕ್ ಕರ್ನಾ’ ಆಗಿದೆ. ಅದೇ ಭಾಷೆಯಲ್ಲಿ ‘ಏಡೀ ಚೋಟೀ ಕಾ ಜೋರ್’ ಎನ್ನುತ್ತಾರೆ, ಹಿಮ್ಮಡಿಯಿಂದ ಜುಟ್ಟಿನವರೆಗಿನ ಬಲವನ್ನೆಲ್ಲ ಹಾಕುವುದು. ಭಾರ ಎತ್ತುವ ಹಮಾಲರ ಮೈಯನ್ನು ನೋಡಿದವರಿಗೆ ಆ ಮಾತಿನ ಸತ್ಯ ತಿಳಿಯುತ್ತದೆ.

ಇನ್ನು ನಮ್ಮವೇ ಆದ ಮಾತುಗಳನ್ನು ನಾವು ಹೇಗೆ ಬಳಸುತ್ತಿದ್ದೇವೆ ಎಂಬುದನ್ನೂ ಹೇಳದೆ ಈ ಪತ್ರ ನ್ಯಾಯವಾಗುವುದಿಲ್ಲ. ಭಗೀರಥ ಪ್ರಯತ್ನ ಎಂಬುದು ಒಬ್ಬನ ಒಂದು ದಿನದ ಓಡಾಟಕ್ಕೆ ಕೊಡುವ ಹೆಸರಲ್ಲ. ಸಗರನ ಮಕ್ಕಳ ಬೂದಿಗೆ ಗಂಗೆಯನ್ನು ತರಲು ಅಂಶುಮಂತ ತಪಸ್ಸು ಮಾಡಿ ಸತ್ತ, ದಿಲೀಪ ಮಾಡಿ ಸತ್ತ, ಭಗೀರಥ ಆ ಕೆಲಸವನ್ನು ಹೊತ್ತುಕೊಂಡ. ಗಂಗೆ ಒಪ್ಪಿದ ಮೇಲೆ ಶಿವನನ್ನು ಒಲಿಸಬೇಕಾಯಿತು, ಶಿವನ ಜಟೆಯಿಂದ ಇಳಿದ ಮೇಲೆ ಜಹ್ನು ಋಷಿ ಕುಡಿದುಬಿಟ್ಟ ನದಿಯನ್ನು ಮತ್ತೆ ಬಿಡಿಸಬೇಕಾಯಿತು. ತಲೆಮಾರುಗಳ ಸೋಲನ್ನು ಬೆನ್ನಿಗೆ ಕಟ್ಟಿಕೊಂಡು ಮಾಡುವ ಕೆಲಸಕ್ಕೆ ಆ ಹೆಸರು. ನಮ್ಮ ಹಳ್ಳಿಯಲ್ಲಿ ಮನೆತನದಲ್ಲಿ ಮೊದಲ ಬಾರಿಗೆ ಹತ್ತನೆಯ ತರಗತಿ ಮುಟ್ಟಿದ ಹುಡುಗಿಯ ಓದು ನಿಜವಾದ ಭಗೀರಥ ಪ್ರಯತ್ನ, ಆದರೆ ಆ ಮಾತನ್ನು ಅವಳಿಗಾಗಿ ಯಾರೂ ಬಳಸುವುದಿಲ್ಲ. ಕಂಕಣಬದ್ಧ ಎಂಬುದೂ ಹಾಗೆಯೇ ಸವೆದಿದೆ. ಮದುವೆಯಲ್ಲಿ, ದೇವರ ಕಾರ್ಯದಲ್ಲಿ ಮಣಿಕಟ್ಟಿಗೆ ಕಂಕಣ ಕಟ್ಟಿದ ಮೇಲೆ ಅದು ಮುಗಿಯುವವರೆಗೆ ಬಿಚ್ಚುವಂತಿಲ್ಲ. ‘ಅಭಿವೃದ್ಧಿಗೆ ಕಂಕಣಬದ್ಧ’ ಎಂದು ದಿನಬೆಳಗಾದರೆ ಅಚ್ಚಾಗುತ್ತಿದ್ದರೆ ಕಂಕಣಕ್ಕೆ ಏನು ಬೆಲೆ? ಪಟ್ಟು ಬಿಡದೆ ಎಂಬುದು ಕುಸ್ತಿಯ ಕಣದಿಂದ ಬಂದದ್ದು, ಟೊಂಕ ಕಟ್ಟಿ ಎಂಬುದು ಸೀರೆಯ ಸೆರಗನ್ನೋ ವಲ್ಲಿಯನ್ನೋ ನಡುವಿಗೆ ಬಿಗಿದು ಕೆಲಸಕ್ಕೆ ಇಳಿಯುವವರಿಂದ ಬಂದದ್ದು. ತೊಗರಿಯ ಕೊಯ್ಲಿನ ಹೊತ್ತಿಗೆ ನಮ್ಮ ಯಾವ ಹೊಲದ ಬದುವಿನಲ್ಲಿ ನಿಂತರೂ ಅದನ್ನು ಇಂದೂ ಕಣ್ಣಾರೆ ಕಾಣಬಹುದು.

ಇಂಗ್ಲಿಷಿನಲ್ಲಿ ಸರಿಸಾಟಿ ಸಿಗದ ಒಂದು ಮಾತು ನಮ್ಮಲ್ಲಿದೆ: ಹೊಟ್ಟೆ ಬಟ್ಟೆ ಕಟ್ಟಿ ಓದಿಸುವುದು. ತನ್ನ ಹೊಟ್ಟೆಗೆ ತಿನ್ನದೆ, ಮೈಗೆ ಬಟ್ಟೆ ಕೊಳ್ಳದೆ ಮಕ್ಕಳ ಓದಿಗೆ ಹಣ ಉಳಿಸುವುದು. ಆರು ಪದಗಳಲ್ಲಿ ಹೇಳಿದರೂ ಇಂಗ್ಲಿಷಿನಲ್ಲಿ ಅದರ ಅರ್ಧ ತೂಕ ಬರುವುದಿಲ್ಲ. ನಾನು ಎಷ್ಟೋ ಸಲ ತರಗತಿಯಲ್ಲಿ ಪ್ರಯತ್ನಿಸಿ ಸೋತಿದ್ದೇನೆ. ಮಳೆ ಕೈಕೊಟ್ಟ ವರ್ಷ ಇಲ್ಲಿಂದ ಬೆಂಗಳೂರಿಗೆ, ಪುಣೆಗೆ, ಮುಂಬಯಿಗೆ, ಹೈದರಾಬಾದಿಗೆ ಗುಳೆ ಹೋಗಿ ಕಟ್ಟಡದ ಕೆಲಸದಲ್ಲಿ ರಟ್ಟೆ ಮುರಿದು ದುಡಿಯುವ ತಂದೆತಾಯಿಗಳು, ಮಕ್ಕಳನ್ನು ಅಜ್ಜಿಯ ಬಳಿ ಬಿಟ್ಟು, ಪರೀಕ್ಷೆಯ ಶುಲ್ಕ ಕಳುಹಿಸುತ್ತಾರೆ. ಫಲಿತಾಂಶದ ಪಟ್ಟಿಯಲ್ಲಿ ಕೊನೆಗೆ ಇಳಿದದ್ದು ಈ ಮನೆಗಳ ಜಿಲ್ಲೆಗಳು. ಇಲ್ಲಿ ಪ್ರಯತ್ನಕ್ಕೆ ಕೊರತೆ ಇದೆ ಎನ್ನುವಂತೆ ಹೇಳಿಕೆಗಳನ್ನು ಓದಿದಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಶಹಾಬಾದಿನ ಕಲ್ಲಿನ ಬಗ್ಗೆಯೂ ಒಂದು ಮಾತು. ದೇಶದ ಎಷ್ಟೋ ಮನೆಗಳ ನೆಲಕ್ಕೆ ಹಾಸಿರುವ ಆ ಕಲ್ಲು ಭೂಮಿಯಲ್ಲಿ ಪದರ ಪದರವಾಗಿ ಮಲಗಿದೆ. ಅದನ್ನು ಎಬ್ಬಿಸುವ ಕಾರ್ಮಿಕ ಬಲವನ್ನೆಲ್ಲ ಒಮ್ಮೆಗೇ ಹಾಕಿದರೆ ಹಾಸುಗಲ್ಲು ಸೀಳುತ್ತದೆ. ಪದರದ ಸಂದು ಎಲ್ಲಿದೆ ಎಂದು ನೋಡಿ, ಅಲ್ಲಿ ಉಳಿಯಿಟ್ಟು, ಹಾರೆಯಿಂದ ಮೆಲ್ಲಗೆ ಮೀಟಬೇಕು. ಬೀದರಿನಲ್ಲಿ ಬಿದರಿ ಪಾತ್ರೆಗೆ ಬೆಳ್ಳಿಯ ಎಳೆ ಕೂರಿಸುವವರ ಪ್ರಯತ್ನವೂ ಹೀಗೆಯೇ, ಅದರಲ್ಲಿ ಬಲಕ್ಕಿಂತ ಕೈ ಪಳಗುವುದು ಮುಖ್ಯ. ಗರಿಷ್ಠ ಪ್ರಯತ್ನ ಎಂದರೆ ಗರಿಷ್ಠ ಬಲ ಎಂದು ಇಂಗ್ಲಿಷಿನ ಹೆಚ್ಚಿನ ನುಡಿಗಟ್ಟುಗಳು ಎಣಿಸುತ್ತವೆ. ಕಲ್ಲು ಎಬ್ಬಿಸುವವರು, ಬೆಳ್ಳಿ ಕೂರಿಸುವವರು ತಮ್ಮ ಕಸುಬಿನಲ್ಲಿ ಈ ಬೇರೆ ಬಗೆಯ ಪ್ರಯತ್ನಕ್ಕೆ ಏನೆನ್ನುತ್ತಾರೆ? ಅವರ ಮಾತು ಯಾವ ಗೈಡಿನಲ್ಲಿಯೂ ಅಚ್ಚಾಗಿಲ್ಲ, ಪತ್ರಿಕೆಗೂ ಬಂದಿಲ್ಲ. ಮಕ್ಕಳ ಓದಿನ ವಿಷಯದಲ್ಲಿ ನಮಗೆ ಬೇಕಾಗಿರುವುದು ಆ ಬಗೆಯ ಮಾತು.

ಈ ಕಾಳಜಿ ಹೊಸದಲ್ಲ. ಸೇಡಂ ತಾಲ್ಲೂಕಿನ ಮಳಖೇಡ, ಅಂದಿನ ಮಾನ್ಯಖೇಟ, ರಾಷ್ಟ್ರಕೂಟರ ರಾಜಧಾನಿಯಾಗಿದ್ದಾಗ, 9ನೆಯ ಶತಮಾನದಲ್ಲಿ, ಕವಿರಾಜಮಾರ್ಗ ರಚನೆಯಾಯಿತು. ತಿಳಿವಿಲ್ಲದೆ ಸಂಸ್ಕೃತವನ್ನೂ ಕನ್ನಡವನ್ನೂ ಸಮಾಸದಲ್ಲಿ ಬೆರೆಸಿದರೆ ಕುದಿಯುವ ಹಾಲಿಗೆ ಮಜ್ಜಿಗೆಯ ಹನಿ ಹಾಕಿದಂತೆ ರಸ ಕೆಡುತ್ತದೆ ಎಂದು ಅದರಲ್ಲಿ ಎಚ್ಚರಿಸಲಾಗಿದೆ. ಬೇರೆ ಭಾಷೆಯನ್ನು ಹತ್ತಿರ ಬಿಟ್ಟುಕೊಳ್ಳಬೇಡಿ ಎಂದು ಆ ಗ್ರಂಥ ಹೇಳುವುದಿಲ್ಲ, ಅದೇ ಸಂಸ್ಕೃತದಿಂದ ಬಹಳಷ್ಟನ್ನು ಪಡೆದಿದೆ. ಹಾಲು ಯಾವುದು, ಮಜ್ಜಿಗೆ ಯಾವುದು ಎಂದು ತಿಳಿದು ಬೆರೆಸಿ ಎನ್ನುತ್ತದೆ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆಗಳು ಎರಡು. ಇಂಗ್ಲಿಷಿನಿಂದ ಬಂದ ಹೇಳಿಕೆಗಳಲ್ಲಿ ಪ್ರಯತ್ನದ ನುಡಿಗಟ್ಟು ಸಿಕ್ಕಾಗ ಉಪಸಂಪಾದಕರು ಹೇಳಿದವರನ್ನೇ ಕೇಳಿ, ಏನು ಮಾಡುತ್ತಾರೆ ಎಂಬುದನ್ನು ಬರೆಯಲಿ. ವಾರಕ್ಕೆ ಎಷ್ಟು ತರಗತಿ, ಯಾವ ಶಾಲೆಗೆ ಎಷ್ಟು ಶಿಕ್ಷಕರು, ಯಾವ ತಿಂಗಳಿನೊಳಗೆ ಎಂಬುದು ತಿಳಿದರೆ ಓದುಗರಿಗೆ ಕಲ್ಲೂ ಬೇಡ, ಮೈಲಿಯೂ ಬೇಡ. ಎರಡನೆಯದಾಗಿ, ವಿದ್ಯಾರ್ಥಿಗಳಿಗಾಗಿ ತಾವು ಮೀಸಲಿಡುವ ಪುಟದಲ್ಲಿ ವಾರಕ್ಕೊಂದು ಇಂಗ್ಲಿಷ್ ನುಡಿಗಟ್ಟನ್ನು ಅದರ ಹುಟ್ಟಿನ ಸಂಗತಿಯೊಂದಿಗೆ ಪ್ರಕಟಿಸಿ, ಅದಕ್ಕೆ ಹತ್ತಿರವಾದ ತಮ್ಮ ಊರಿನ ಮಾತನ್ನು ಕಳುಹಿಸುವಂತೆ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳ ಮಕ್ಕಳನ್ನು ಕೇಳಿರಿ. ಅಜ್ಜಿಯರನ್ನು, ಹಮಾಲರನ್ನು, ಖಣಿಯ ಕೆಲಸದವರನ್ನು, ಪೇಟಿ ಮಾಸ್ತರರನ್ನು ಕೇಳಿ ಅವರು ಬರೆದು ಕಳುಹಿಸುತ್ತಾರೆ ಎಂಬ ನಂಬಿಕೆ ನನಗಿದೆ.

ನಾನು ಸೇವೆಯಲ್ಲಿದ್ದಾಗ ಮಕ್ಕಳಿಂದ ಕೇಳಿ ಬರೆದುಕೊಂಡ ಇಂಥ ಮಾತುಗಳ ಎರಡು ನೋಟ್‌ಬುಕ್ಕುಗಳು ನನ್ನ ಬಳಿ ಇವೆ. ತಾವು ಒಪ್ಪಿದರೆ ಅವುಗಳ ಪ್ರತಿ ಮಾಡಿಸಿ ಕಳುಹಿಸಿಕೊಡುತ್ತೇನೆ. ಮೊದಲನೆಯ ಪುಟದಲ್ಲಿ ಕಂದಕೂರಿನ ಕಡೆಯ ಆ ಹುಡುಗನ ವಾಕ್ಯವನ್ನು, ಗೀಟಿಲ್ಲದೆ, ಬರೆದಿಟ್ಟಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ನಿವೃತ್ತ ಇಂಗ್ಲಿಷ್ ಶಿಕ್ಷಕ,
ಯಾದಗಿರಿ